ಅಜ್ಜನ ಆಂಪ್ಲಿಫಯರು, ಮೊಮ್ಮಗನ ಮೊಬೈಲು

ಧಾರವಾಡದ ಮಾಳಮಡ್ಡಿಯ ಹಳೆಯ ಮನೆಗಳ ಪಡಸಾಲೆಯಲ್ಲಿ ಒಂದು ಮೂಲೆಮೇಜು ಇರುತ್ತದೆ. ಅದರ ಮೇಲೆ ಕಸೂತಿ ಬಟ್ಟೆ ಹೊದ್ದುಕೊಂಡು ಒಂದು ಪೆಟ್ಟಿಗೆ ಕುಳಿತಿರುತ್ತದೆ. ಮರ್ಫಿಯೋ, ಬುಷ್ಷೋ, ಫಿಲಿಪ್ಸೋ, ಯಾವುದೋ ಒಂದು. ಒಂದು ಕಾಲಕ್ಕೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಿ ಕೇಳಬೇಕಾಗಿದ್ದ ರೇಡಿಯೊ ಅದು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ಲರ ದನಿ ಇಂಥ ಪೆಟ್ಟಿಗೆಗಳಿಂದಲೇ ಓಣಿಗೆ ಇಳಿಯುತ್ತಿತ್ತು. ಈಗ ಅದರ ನೆತ್ತಿಯ ಮೇಲೆ ಹೂದಾನಿ, ಪಕ್ಕದಲ್ಲಿ ಮೊಬೈಲ್ ಚಾರ್ಜರು.

ಅಂಥದೊಂದು ಮನೆಯಲ್ಲಿ ನಡೆದ ಸಂಗತಿ ಇದು. ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಅಜ್ಜಿ ತೀರಿಕೊಂಡು ಆರು ವರ್ಷ. ಆಕೆ ಕಚೇರಿ ಮಾಡಿದವರಲ್ಲ, ಆದರೆ ತಂಬೂರಿ ಶ್ರುತಿ ಮಾಡಿಕೊಂಡು ದಿನವೂ ಸಂಜೆ ದೇವರ ಮುಂದೆ ಹಾಡುತ್ತಿದ್ದರು. 1980ರ ದಶಕದಲ್ಲಿ ಯಾರೋ ಅದನ್ನೊಂದು ಕ್ಯಾಸೆಟ್ಟಿಗೆ ಇಳಿಸಿದ್ದರು. ಪುಣೆಯಲ್ಲಿ ಕೆಲಸ ಮಾಡುವ ಮೊಮ್ಮಗ ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದು, ಮೊಬೈಲಿಗೆ ಏರಿಸಿಕೊಂಡು, ದೀಪಾವಳಿಗೆ ಬಂದಾಗ ಅಜ್ಜನ ಕಿವಿಯ ಹತ್ತಿರ ಹಿಡಿದ.

‘ಅಜ್ಜಾ, ಯಾರ ದನಿ ಹೇಳು ನೋಡೋಣ.’

ಅಜ್ಜ ಸ್ವಲ್ಪ ಹೊತ್ತು ಕೇಳಿ ಮೊಬೈಲನ್ನು ಪಕ್ಕಕ್ಕೆ ಸರಿಸಿದರು. ‘ಹಾಡು ನಿಮ್ಮಜ್ಜೀದ ಖರೆ. ದನಿ ಆಕೀದಲ್ಲೋ ತಮ್ಮಾ. ಸೊಳ್ಳಿ ಹಾಡಿಧಂಗ ಅದ. ಆ ರೇಡಿಯೋದಾಗ ಹಚ್ಚಲಿಕ್ಕೆ ಬರ್ತದೇನು ನೋಡು.’

ಅಜ್ಜನ ಕಿವಿ ಸುಳ್ಳು ಹೇಳಲಿಲ್ಲ. ಸ್ತ್ರೀಯರ ತಂಬೂರಿಯ ಖರ್ಜದ ತಂತಿ ಸೆಕೆಂಡಿಗೆ ಸುಮಾರು 100 ಸಲ ಕಂಪಿಸುತ್ತದೆ, ಎಂದರೆ 100 ಹರ್ಟ್ಜ್. ಹೆಬ್ಬೆರಳ ಉಗುರಿನಷ್ಟಿರುವ ಮೊಬೈಲಿನ ಸ್ಪೀಕರು ಅಷ್ಟು ನಿಧಾನದ ಕಂಪನಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. ಕೆಲವು ನೂರು ಹರ್ಟ್ಜಿನ ಕೆಳಗಿನದೆಲ್ಲ ಅದರಲ್ಲಿ ಸೋರಿಹೋಗುತ್ತದೆ. ಮೇಲಿನ ಅನುಸ್ವರಗಳಿಂದ ಮೆದುಳು ಸ್ವರವನ್ನೇನೋ ಊಹಿಸಿಕೊಳ್ಳುತ್ತದೆ, ಆದರೆ ಎದೆಯ ದನಿ ಬರುವುದಿಲ್ಲ. ಹಳೆಯ ರೇಡಿಯೊದ ಎಂಟಿಂಚಿನ ಕಾಗದದ ಕೋನು, ಅದರ ಸುತ್ತಲಿನ ಮರದ ಪೆಟ್ಟಿಗೆ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಿದ್ದವು.

ಮೊಮ್ಮಗನಿಗೆ ಇದು ಕಷ್ಟವೆನಿಸಲಿಲ್ಲ. ರೇಡಿಯೊದ ಬೆನ್ನಲ್ಲಿ ಗ್ರಾಮಫೋನಿನ ಚಿತ್ರ ಬರೆದ ಎರಡು ತೂತುಗಳಿದ್ದವು. ರೆಕಾರ್ಡ್ ಪ್ಲೇಯರಿನ ತಂತಿ ಸಿಕ್ಕಿಸಲೆಂದೇ ಆಗಿನ ಎಷ್ಟೋ ರೇಡಿಯೊಗಳಲ್ಲಿ ಅವನ್ನು ಇಡುತ್ತಿದ್ದರು. ಮೊಬೈಲಿನ ಹೆಡ್‌ಫೋನ್ ತಂತಿಯ ತುದಿ ಕತ್ತರಿಸಿ ಅಲ್ಲಿ ಸಿಕ್ಕಿಸಿದರಾಯಿತು ಎಂದು ಅವನ ಲೆಕ್ಕ. ಅಷ್ಟರಲ್ಲಿ ಅಜ್ಜನಿಗೆ ಬುದ್ಧಿ ಹೊಳೆಯಿತೋ, ದೇವರು ನಡೆಸಿದನೋ, ‘ಮೊದಲ ಹುಬ್ಬಳ್ಳಿ ಚಾಚಾಗ ತೋರಸು’ ಎಂದರು.

ಚಾಚಾ ಎಂದರೆ ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವರು. ಈಗ ಅಂಗಡಿ ಮಗನದು, ಅಲ್ಲಿ ನಡೆಯುವುದು ಮೊಬೈಲ್ ರಿಪೇರಿ. ಅವರು ಬಂದು, ರೇಡಿಯೊದ ಹಿಂಬದಿಯ ರಟ್ಟು ಬಿಚ್ಚಿ, ಟಾರ್ಚ್ ಹಿಡಿದು ಒಂದು ವಾಲ್ವಿನ ಮೇಲಿನ ಅಕ್ಷರ ಓದಿದರು. ಓದಿದವರೇ ರಟ್ಟನ್ನು ಮತ್ತೆ ಮುಚ್ಚಿದರು.

‘ಇದಕ್ಕ ಮೊಬೈಲ್ ಹಚ್ಚಬ್ಯಾಡ್ರಿ ಯಜಮಾನ್ರ. ಹಚ್ಚಿದ್ರ ಹುಡುಗ ಉಳಿಯೂದಿಲ್ಲ.’

ಆ ವಾಲ್ವಿನ ಮೇಲೆ ಇದ್ದದ್ದು ‘ಯುಎಲ್ 41’ ಎಂಬ ಹೆಸರು. ಈ ಮೊದಲ ಅಕ್ಷರ ‘ಯು’ದಲ್ಲೇ ಕಥೆಯೆಲ್ಲ ಇದೆ, ಇಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು.

ಆ ಕಾಲದಲ್ಲಿ ಕೆಲವು ಊರುಗಳಲ್ಲಿ ಮನೆಗೆ ಬರುತ್ತಿದ್ದ ವಿದ್ಯುತ್ತು ಡಿಸಿ, ಉಳಿದೆಡೆ ಎಸಿ. ಟ್ರಾನ್ಸ್‌ಫಾರ್ಮರು ಡಿಸಿಯಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಎರಡರಲ್ಲೂ ನಡೆಯಲೆಂದು ಟ್ರಾನ್ಸ್‌ಫಾರ್ಮರೇ ಇಲ್ಲದ ರೇಡಿಯೊಗಳನ್ನು ಮಾಡಿದರು. ಖರ್ಚೂ ಕಡಿಮೆಯಾಯಿತು. ಅವುಗಳಲ್ಲಿ ವಾಲ್ವುಗಳ ಬಿಸಿ ತಂತಿಗಳನ್ನು ದೀಪಾವಳಿಯ ಸರದೀಪದಂತೆ ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ. ಸಾಮಾನ್ಯವಾಗಿ ಕಾಣುವ ಐದು ವಾಲ್ವುಗಳ ಗುಂಪನ್ನು ತೆಗೆದುಕೊಳ್ಳಿ: ಯುಸಿಎಚ್ 42ಕ್ಕೆ 14 ವೋಲ್ಟ್, ಯುಎಫ್ 41ಕ್ಕೆ 12.6, ಯುಬಿಸಿ 41ಕ್ಕೆ 14, ಯುಎಲ್ 41ಕ್ಕೆ 45, ಯುವೈ 41ಕ್ಕೆ 31. ಕೂಡಿಸಿದರೆ 117 ವೋಲ್ಟಿನ ಹತ್ತಿರ. ಮನೆಗೆ ಬರುವುದು 230. ಉಳಿದ 113 ವೋಲ್ಟನ್ನು ಒಂದು ದಪ್ಪ ರೆಜಿಸ್ಟರು ನುಂಗಿ ಶಾಖ ಮಾಡುತ್ತದೆ. ಸರದಲ್ಲಿ ಹರಿಯುವುದು 0.1 ಆಂಪಿಯರ್ ಆದ್ದರಿಂದ ಆ ಶಾಖ ಸುಮಾರು 11 ವ್ಯಾಟ್. ಇಂಥ ರೇಡಿಯೊದ ಮೇಲೆ ಚಳಿಗಾಲದಲ್ಲಿ ಬೆಕ್ಕು ಮಲಗುತ್ತಿದ್ದುದು ಸುಮ್ಮನೆ ಅಲ್ಲ.

ಅಪಾಯ ಇರುವುದು ಶಾಖದಲ್ಲಲ್ಲ. ಇಂಥ ರೇಡಿಯೊದ ಒಳಗಿನ ಕಬ್ಬಿಣದ ತಟ್ಟೆಗೆ, ಎಂದರೆ ಚಾಸಿಗೆ, ಗೋಡೆಯ ಪ್ಲಗ್ಗಿನ ಒಂದು ತಂತಿ ನೇರವಾಗಿ ಕೂಡಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ಒಂದು ಬಗೆಯಲ್ಲಿ ಸಿಕ್ಕಿಸಿದರೆ ಚಾಸಿ ನ್ಯೂಟ್ರಲ್, ತಿರುಗಿಸಿ ಸಿಕ್ಕಿಸಿದರೆ ಪೂರ್ತಿ 230 ವೋಲ್ಟ್. ಹೊರಗೆ ಮರ ಮತ್ತು ಬೇಕಲೈಟ್ ಇರುವುದರಿಂದ ಕೇಳುವವರಿಗೆ ತೊಂದರೆ ಇಲ್ಲ. ಹಿಂದಿನ ತೂತುಗಳಿಗೂ ಚಾಸಿಗೂ ನಡುವೆ ರಕ್ಷಣೆಗೆಂದು ಸಣ್ಣ ಕಂಡೆನ್ಸರು ಇಟ್ಟಿರುತ್ತಾರೆ. ಆದರೆ ಅರವತ್ತು ವರ್ಷದ ಹಿಂದಿನ ಮೇಣದ ಕಾಗದದ ಕಂಡೆನ್ಸರನ್ನು ನಂಬಿ ಪ್ರಾಣ ಒಡ್ಡುವವರು ಯಾರು? ಅದು ಸೋರಿತೆಂದರೆ ಮೊಬೈಲಿನ ಲೋಹದ ಅಂಚಿಗೇ ಮನೆಯ ಕರೆಂಟು ಬಂದು ಕೂರುತ್ತದೆ. ಅದನ್ನು ಹಿಡಿದಿರುವುದು ಹುಡುಗನ ಕೈ.

ವಾಲ್ವಿನ ಹೆಸರು ‘ಇ’ ಅಕ್ಷರದಿಂದ ಆರಂಭವಾದರೆ, ಇಸಿಎಚ್ 81, ಇಎಲ್ 84 ಇದ್ದ ಹಾಗೆ, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಆದರೂ ಅಕ್ಷರವೊಂದನ್ನೇ ನಂಬಬಾರದು. ಕೆಲವದರಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೂ ಅದು ಒಂದೇ ಸುರುಳಿಯ ಆಟೊ ಟ್ರಾನ್ಸ್‌ಫಾರ್ಮರ್ ಆಗಿದ್ದು ಚಾಸಿ ಬಿಡುಗಡೆಯಾಗಿರುವುದಿಲ್ಲ. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ರೇಡಿಯೊದ ಸ್ವಿಚ್ ಮಾತ್ರ ಹಾಕಿ, ಪ್ಲಗ್ಗಿನ ಪಿನ್ನಿಗೂ ಚಾಸಿಗೂ ನಡುವೆ ಮೀಟರ್ ಹಿಡಿಯಬೇಕು. ಎರಡೂ ಪಿನ್ನಿಗೆ ಮುಳ್ಳು ಅಲುಗದಿದ್ದರೆ ಮಾತ್ರ ಮುಂದಿನ ಮಾತು. ಇದನ್ನು ಮೀಟರ್ ಹಿಡಿದು ಬಲ್ಲವರೇ ಮಾಡಬೇಕು. ಆರಿಸಿದ ಮೇಲೂ ಒಳಗಿನ ದೊಡ್ಡ ಕಂಡೆನ್ಸರಿನಲ್ಲಿ 250-300 ವೋಲ್ಟ್ ಕೆಲಹೊತ್ತು ಕಾದಿರುತ್ತದೆ.

ಅಜ್ಜನ ಮುಖ ಸಣ್ಣದಾಯಿತು. ಆ ಪೆಟ್ಟಿಗೆಯಲ್ಲೇ ಅಜ್ಜಿ ಬೆಳಗಿನ ವಾರ್ತೆ ಕೇಳುತ್ತ ರೊಟ್ಟಿ ಬಡಿಯುತ್ತಿದ್ದುದು. ಚಾಚಾ ಅದನ್ನು ಗಮನಿಸಿ, ‘ಅಟ್ಟದ ಮ್ಯಾಲ ಮುಂಬೈ ಆಂಪ್ಲಿಫಯರ್ ಇತ್ತಲ್ರಿ, ಅದನ್ನರ ತಗೀರಿ’ ಎಂದರು.

ಅಟ್ಟದಿಂದ ಇಳಿದದ್ದು 1970ರ ದಶಕದ ಕೊನೆಯಲ್ಲಿ ಮುಂಬೈಯಿಂದ ಕೊಂಡು ತಂದ ಟ್ರಾನ್ಸಿಸ್ಟರ್ ಸ್ಟೀರಿಯೊ ಆಂಪ್ಲಿಫಯರು, ಜೊತೆಗೆ ಎರಡು ಮರದ ಸ್ಪೀಕರುಗಳು. ಸೋನೊಡೈನ್, ಕಾಸ್ಮಿಕ್ ಎಂಬ ಹೆಸರುಗಳು ಮದುವೆ ಮಾತುಕತೆಯಲ್ಲೂ ಬರುತ್ತಿದ್ದ ಕಾಲದ ಸಾಮಾನು. ಇಪ್ಪತ್ತು ವರ್ಷದಿಂದ ಹಚ್ಚಿರಲಿಲ್ಲ. ಮೊಮ್ಮಗ ಪ್ಲಗ್ ಸಿಕ್ಕಿಸಹೋದಾಗ ಚಾಚಾ ಎರಡನೆಯ ಸಲ ಅವನ ಕೈ ಹಿಡಿದರು.

ಇಂಥ ಪೆಟ್ಟಿಗೆಯ ದೊಡ್ಡ ಕಂಡೆನ್ಸರಿನೊಳಗೆ ಅಲ್ಯುಮಿನಿಯಮ್ ಹಾಳೆಯ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರವಿರುತ್ತದೆ. ಅದೇ ಅದರ ನಿರೋಧಕ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಆ ಪದರ ಸವೆಯುತ್ತದೆ, ಒಳಗಿನ ದ್ರವ ಒಣಗುತ್ತದೆ. ಒಮ್ಮೆಲೇ 230 ವೋಲ್ಟಿಗೆ ಹಚ್ಚಿದರೆ ಕಂಡೆನ್ಸರು ಸಿಡಿಯಬಹುದು. ಅದಕ್ಕಾಗಿ ರಿಪೇರಿ ಅಂಗಡಿಗಳಲ್ಲಿ ಸೀರೀಸ್ ಬೋರ್ಡು ಇರುತ್ತದೆ: ಆಂಪ್ಲಿಫಯರಿನ ದಾರಿಯಲ್ಲಿ ಒಂದು ಹಳೆಯ ತಂತಿಯ ಬಲ್ಬು. ನೂರು ವ್ಯಾಟಿನ ಬಲ್ಬು ಪೂರ್ತಿ ಉರಿಯುವಾಗ ಅದರ ರೋಧ ಸುಮಾರು 529 ಓಮ್, ತಣ್ಣಗಿದ್ದಾಗ ಅದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಆಂಪ್ಲಿಫಯರಿನಲ್ಲಿ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು, ರೋಧ ಏರಿಸಿಕೊಂಡು ಕರೆಂಟನ್ನು ತಾನೇ ತಡೆಯುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಹಳೆಯ ಬಲ್ಬುಗಳು ಅಂಗಡಿಯಲ್ಲಿ ಅಪರೂಪವಾಗಿರುವುದರಿಂದ ಚಾಚಾ ನಾಲ್ಕನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ, ಬಂಗಾರದ ಬಳೆಯಂತೆ.

ಬಲ್ಬು ಮಿನುಗಿ ಮಂಕಾಯಿತು. ಆದರೆ ಸ್ಪೀಕರಿನಿಂದ ‘ಗುಂಯ್’ ಎಂಬ ದನಿ.

ಈ ಗುಂಯ್‌ನಲ್ಲಿ ಎರಡು ಜಾತಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ರೆಕ್ಟಿಫಯರು ಅದರ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಏರಿಳಿತ 100 ಹರ್ಟ್ಜ್ ಆಗುತ್ತದೆ. ಒಳ್ಳೆಯ ಕಂಡೆನ್ಸರು ಈ ಏರಿಳಿತವನ್ನು ತುಂಬಿ ಸಮ ಮಾಡುತ್ತದೆ, ಒಣಗಿದ್ದು ಮಾಡದು. ಹೀಗಾಗಿ 100 ಹರ್ಟ್ಜಿನ ಗುಂಯ್ ಬಂದರೆ ಒಳಗಿನ ಕಂಡೆನ್ಸರ್ ನೋಡಬೇಕು. ಇನ್ನೂ ಕೆಳಗಿನ, 50 ಹರ್ಟ್ಜಿನ ಮಂದ್ರ ಗುಂಯ್ ಬಂದರೆ ತಂತಿ ಮತ್ತು ಅರ್ಥಿಂಗ್ ನೋಡಬೇಕು. ಅಜ್ಜನಿಗೆ ಈ ವಿಜ್ಞಾನ ಗೊತ್ತಿರಲಿಲ್ಲ. ಆದರೆ ಕೇಳಿದೊಡನೆ, ‘ಇದು ಪಾಂಢರಿ ಐದಕ್ಕ ಹತ್ತರ ಅದ, ಆದ್ರ ಸ್ವಲ್ಪ ಏರೇದ’ ಎಂದುಬಿಟ್ಟರು. ಪಾಂಢರಿ ಐದು ಎಂದರೆ ಪೇಟಿಯ ಐದನೆಯ ಬಿಳಿ ಮನೆ, ಅಜ್ಜಿಯ ಷಡ್ಜ. ಆ ಶ್ರುತಿಯ ತಂಬೂರಿಯ ಖರ್ಜ 98 ಹರ್ಟ್ಜ್, ಈ ಗುಂಯ್ 100. ಹೀಗೆ ಎರಡು ಹರ್ಟ್ಜಿನ ವ್ಯತ್ಯಾಸವನ್ನು ಮೀಟರಿಲ್ಲದೆ ಹಿಡಿಯುವ ಕಿವಿಗಳು ಧಾರವಾಡದಲ್ಲಿ ಇನ್ನೂ ಇವೆ.

ಚಾಚಾ ಎರಡು ದೊಡ್ಡ ಕಂಡೆನ್ಸರುಗಳನ್ನೂ ಆರೇಳು ಸಣ್ಣವನ್ನೂ ಬದಲಿಸಿದರು. ಹಳೆಯದರ ಮೈಕ್ರೊಫ್ಯಾರಡ್ ಎಷ್ಟಿತ್ತೋ ಅಷ್ಟೇ, ವೋಲ್ಟ್ ಮಾತ್ರ ಅಷ್ಟೇ ಅಥವಾ ಹೆಚ್ಚು. ಟ್ರಾನ್ಸಿಸ್ಟರುಗಳು ಗಟ್ಟಿಯಾಗಿದ್ದವು. ವಾಲ್ಯೂಮ್ ತಿರುಪು ಕರಕರ ಎನ್ನುತ್ತಿದ್ದುದಕ್ಕೆ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿದರು. ಸ್ಪೀಕರುಗಳದು ಅಂಥ ತೊಂದರೆಯಿರಲಿಲ್ಲ. ಕೋನಿನ ಅಂಚು ಬಟ್ಟೆಯದಾಗಿತ್ತು. ಅದು ಫೋಮಿನದಾಗಿದ್ದರೆ ಹದಿನೈದಿಪ್ಪತ್ತು ವರ್ಷಕ್ಕೆ ಹಳೆಯ ರೊಟ್ಟಿಯಂತೆ ಉದುರಿಹೋಗುತ್ತದೆ. ಟಾರ್ಚಿನ 1.5 ವೋಲ್ಟಿನ ಸೆಲ್ಲನ್ನು ತಂತಿಗಳಿಗೆ ಒಂದು ಕ್ಷಣ ಮುಟ್ಟಿಸಿದಾಗ ಎರಡೂ ಕೋನುಗಳು ಒಂದೇ ದಿಕ್ಕಿಗೆ ಜಿಗಿದರೆ ಜೋಡಣೆ ಸರಿ. ಒಂದು ಮುಂದೆ, ಒಂದು ಹಿಂದೆ ಜಿಗಿದರೆ ಎರಡೂ ಸೇರಿ ಒಂದರ ಗಾಳಿಯನ್ನು ಒಂದು ಕೆಡಿಸಿ ಖರ್ಜ ಮಾಯವಾಗುತ್ತದೆ. ಎಷ್ಟೋ ಮನೆಗಳಲ್ಲಿ ‘ಹಳೇ ಸ್ಪೀಕರಿನಲ್ಲಿ ದಮ್ಮಿಲ್ಲ’ ಎನ್ನುವುದರ ಹಿಂದೆ ಇರುವುದು ಈ ಉಲ್ಟಾ ತಂತಿ.

ಇನ್ನು ಮೊಬೈಲನ್ನು ಕೂಡಿಸುವ ಪ್ರಶ್ನೆ. ಆಂಪ್ಲಿಫಯರಿನ ಬೆನ್ನಲ್ಲಿ ಈಗಿನ ಕೆಂಪು, ಬಿಳಿ ಕಿಂಡಿಗಳಿಲ್ಲ. ಐದು ತೂತಿನ ದುಂಡನೆಯ ಕಿಂಡಿ ಇದೆ. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಅದಕ್ಕೆ ಡಿನ್ ಸಾಕೆಟ್ ಎನ್ನುತ್ತಾರೆ. ಯುರೋಪಿನ ಸಾಮಾನುಗಳಲ್ಲೂ ನಮ್ಮ ಬಹಳಷ್ಟು ಸಾಮಾನುಗಳಲ್ಲೂ ಒಂದು ಕಾಲಕ್ಕೆ ಅದೇ ಇತ್ತು. ಅದರಲ್ಲಿ ಒಂದು ವಿಚಿತ್ರವಿದೆ. ಕಮಾನಿನಲ್ಲಿ ಸಾಲಾಗಿರುವ ಐದು ಪಿನ್ನುಗಳ ಸಂಖ್ಯೆ 1, 2, 3, 4, 5 ಎಂದಲ್ಲ, 1, 4, 2, 5, 3 ಎಂದು. ನಡುವಿನ 2 ಅರ್ಥ್. ಆಂಪ್ಲಿಫಯರಿಗೆ ಸಂಗೀತ ಒಳಹೋಗುವುದು 3ರಲ್ಲಿ ಎಡಗಡೆಯದು, 5ರಲ್ಲಿ ಬಲಗಡೆಯದು. ಟೇಪ್ ಕಿಂಡಿಯಲ್ಲಾದರೆ 1 ಮತ್ತು 4 ರೆಕಾರ್ಡ್ ಮಾಡಿಕೊಳ್ಳಲು ಹೊರಬರುವ ದಾರಿ. ಮೊಮ್ಮಗ ಆನ್‌ಲೈನಿನಲ್ಲಿ ತರಿಸಿದ್ದ ತಯಾರಿ ತಂತಿಯಲ್ಲಿ 1 ಮತ್ತು 4ಕ್ಕೆ ಬೆಸುಗೆ ಹಾಕಿತ್ತು. ಹಚ್ಚಿದರೆ ಸದ್ದೇ ಇಲ್ಲ. ಆಂಪ್ಲಿಫಯರ್ ಸತ್ತಿದೆ ಎಂದು ಇನ್ನೊಬ್ಬರಾದರೆ ಗುಜರಿಗೆ ಹಾಕುತ್ತಿದ್ದರು. ಚಾಚಾ ಪಿನ್ನು ಬದಲಿಸಿ ಬೆಸೆದರು, ಹಾಡು ಬಂತು.

ಬಂದದ್ದು ಅಜ್ಜಿಯ ಹಾಡಲ್ಲ. ಮೊಬೈಲಿನಲ್ಲಿ ಹೆಡ್‌ಫೋನ್ ತೂತಿಲ್ಲದ್ದರಿಂದ ಮೊಮ್ಮಗ ಒಂದು ಬ್ಲೂಟೂತ್ ಡಬ್ಬಿ ತಂದಿದ್ದ, ಮೊದಲು ಯಾವುದೋ ಸಿನಿಮಾ ಹಾಡು ಹಚ್ಚಿ ನೋಡಿದ. ಅದು ಒಡೆದ ಗಡಿಗೆಯಂತೆ ಕೇಳಿಸಿತು. ವಾಲ್ಯೂಮನ್ನು ಕೂದಲೆಳೆಯಷ್ಟು ತಿರುಗಿಸಿದರೂ ಮನೆ ನಡುಗುತ್ತಿತ್ತು. ಕಾರಣ ಸರಳ. 1982ರಲ್ಲಿ ಸಿಡಿ ಪ್ಲೇಯರು ಬಂದ ಮೇಲೆ 2 ವೋಲ್ಟಿನ ಸಂಕೇತ ಕೊಡುವುದು ರೂಢಿಯಾಯಿತು. ಈಗಿನ ಡಬ್ಬಿಗಳಲ್ಲೂ ಹಲವು ಅದನ್ನೇ ಕೊಡುತ್ತವೆ. ಡಿನ್ ಕಿಂಡಿ ಬಯಸುವುದು ಅದರ ಹತ್ತನೆಯ ಪಾಲು, 0.2 ವೋಲ್ಟಿನ ಆಸುಪಾಸು. ಅತಿಥಿಗೆ ಒಂದು ಸೌಟು ಹುಳಿ ಬಡಿಸುವ ಬದಲು ಪಾತ್ರೆಯನ್ನೇ ಬೋರಲು ಹಾಕಿದಂತೆ. ಪರಿಹಾರಕ್ಕೆ ಎರಡು ರೆಜಿಸ್ಟರು ಸಾಕು. ಸಂಕೇತದ ದಾರಿಯಲ್ಲಿ 22 ಕಿಲೊ ಓಮ್, ಅದರ ಆಚೆಯ ತುದಿಯಿಂದ ಅರ್ಥಿಗೆ 2.2 ಕಿಲೊ ಓಮ್. ಎರಡನ್ನೂ ಕೂಡಿಸಿದರೆ 24.2, ಆಂಪ್ಲಿಫಯರಿಗೆ ಸಿಗುವುದು ಹನ್ನೊಂದನೆಯ ಒಂದು ಪಾಲು, 0.18 ವೋಲ್ಟ್. ಪ್ರೌಢಶಾಲೆಯ ಓಮ್‌ನ ನಿಯಮ ಅಷ್ಟೇ. ಎರಡು ಗಡೆಗೂ ಬೇಕಾದ್ದರಿಂದ ನಾಲ್ಕು ರೆಜಿಸ್ಟರು, ಖರ್ಚು ಒಂದು ಕಪ್ ಚಹಾದ್ದು.

ಒಂದೇ ಸ್ಪೀಕರಿನ ಮೋನೊ ಸಾಮಾನಿಗೆ ಸ್ಟೀರಿಯೊ ಹಚ್ಚುವವರು ಎಡ ಬಲ ತಂತಿಗಳನ್ನು ನೇರವಾಗಿ ತಿರುಚಿ ಕೂಡಿಸಬಾರದು. ಒಂದೊಂದರಲ್ಲೂ 1 ಕಿಲೊ ಓಮ್ ಇಟ್ಟು ಆಮೇಲೆ ಕೂಡಿಸಬೇಕು, ಇಲ್ಲದಿದ್ದರೆ ಎರಡೂ ಕಡೆಯವು ಒಂದನ್ನೊಂದು ಜಗ್ಗಾಡುತ್ತವೆ.

ಕೊಲ್ಲಿ ದೇಶಗಳಿಂದಲೋ ಯುರೋಪಿನಿಂದಲೋ ಮರಳಿದವರ ಮನೆಗಳಲ್ಲಿ ಇನ್ನೊಂದು ಬಗೆಯ ಹಳೆಯ ಸಾಮಾನು ಕಾಣಬಹುದು: ಸ್ಪೀಕರಿನ ಪೆಟ್ಟಿಗೆಯೊಳಗೇ ಆಂಪ್ಲಿಫಯರು ಇರುವ ಆಕ್ಟಿವ್ ಸ್ಪೀಕರು. ಫಿಲಿಪ್ಸ್ ಕಂಪನಿ 1970ರ ದಶಕದಲ್ಲಿ ಯುರೋಪಿನಲ್ಲಿ ಮಾರಿದ್ದೊಂದರಲ್ಲಿ ಕೋನಿನ ಮೇಲೆಯೇ ಸಣ್ಣದೊಂದು ಸಂವೇದಕ ಕೂರಿಸಿದ್ದರು. ಕೋನು ಹೇಗೆ ಚಲಿಸಿತು ಎಂಬುದನ್ನು ಅದು ಒಳಗಿನ ಆಂಪ್ಲಿಫಯರಿಗೆ ತಿಳಿಸುತ್ತದೆ, ತಪ್ಪಿದ್ದರೆ ಆಂಪ್ಲಿಫಯರು ತಿದ್ದುತ್ತದೆ. ಜಾಣ ಯಂತ್ರ. ಇಂಥವುಗಳಲ್ಲಿ ಕೆಲವು ಸಂಕೇತ ಬರುವವರೆಗೆ ನಿದ್ದೆ ಮಾಡುತ್ತಿರುತ್ತವೆ. ಮೊಬೈಲಿನ ದನಿ ಕಡಿಮೆ ಇಟ್ಟರೆ ಏಳುವುದೇ ಇಲ್ಲ, ಕೆಟ್ಟಿದೆ ಎಂದು ಮಾಲಿಕರು ಕೈಬಿಡುತ್ತಾರೆ. ಇವಕ್ಕೆ ಬೇರೆ ಆಂಪ್ಲಿಫಯರಿನ ಸ್ಪೀಕರ್ ತಂತಿಯನ್ನು ತಂದು ಲೈನ್ ಕಿಂಡಿಗೆ ಹಚ್ಚುವುದಂತೂ ಸಲ್ಲದು.

ಮಾಳಮಡ್ಡಿಯ ಮನೆಯಲ್ಲಿ ಕೊನೆಯ ತಂಟೆ ಟಿವಿಯದು. ಮೊಮ್ಮಗ ಅದನ್ನೂ ಆಂಪ್ಲಿಫಯರಿಗೆ ಕೂಡಿಸಿದ. ಕೂಡಲೇ ಮಂದ್ರದ ಗುಂಯ್. ಟಿವಿಗೆ ಕೇಬಲ್ಲಿನವರ ತಂತಿಯ ಮೂಲಕ ಒಂದು ಅರ್ಥ್, ಆಂಪ್ಲಿಫಯರಿಗೆ ಚಾಚಾ ಹಾಕಿದ ಮೂರು ಪಿನ್ನಿನ ಪ್ಲಗ್ಗಿನಿಂದ ಇನ್ನೊಂದು ಅರ್ಥ್. ಎರಡರ ನಡುವೆ ಸುತ್ತು ಹರಿಯುವ ಸಣ್ಣ ಕರೆಂಟೇ ಆ ದನಿ. ಮೊಮ್ಮಗ ಎಲ್ಲಿಯೋ ಓದಿದ್ದನಂತೆ, ಪ್ಲಗ್ಗಿನ ದಪ್ಪ ಪಿನ್ನು ಮುರಿದರೆ ಸರಿಹೋಗುತ್ತದೆ ಎಂದ.

‘ಖರೆ ಐತಿ. ಗುಂಯ್ ಅನ್ನೂದು ಹೋಗತೈತಿ, ಒಂದಿನ ನೀನೂ ಹೋಗತಿ’ ಎಂದರು ಚಾಚಾ.

ಸರಿಯಾದ ದಾರಿ, ಟಿವಿಯ ಆಪ್ಟಿಕಲ್ ಕಿಂಡಿಯಿಂದ ಬೆಳಕಿನ ತಂತಿಯಲ್ಲಿ ಸಂಕೇತ ತೆಗೆದು, ಪರಿವರ್ತಿಸುವ ಸಣ್ಣ ಡಬ್ಬಿಯ ಮೂಲಕ ಆಂಪ್ಲಿಫಯರಿಗೆ ಕೊಡುವುದು. ಬೆಳಕಿನ ತಂತಿಯಲ್ಲಿ ತಾಮ್ರವಿಲ್ಲ, ಟಿವಿಯ ಕಡೆಯಿಂದ ಅರ್ಥ್ ಹರಿದು ಬರುವಂತಿಲ್ಲ. ಟಿವಿಯ ಸೆಟ್ಟಿಂಗಿನಲ್ಲಿ ಧ್ವನಿಯನ್ನು ಪಿಸಿಎಂ ಎಂದು ಇಡಬೇಕು, ಡಾಲ್ಬಿ ಇದ್ದರೆ ಸಣ್ಣ ಡಬ್ಬಿಗೆ ಅರ್ಥವಾಗದು. ಬ್ಲೂಟೂತಿನಲ್ಲೂ ಟಿವಿಯನ್ನು ಕೂಡಿಸಬಹುದು, ಆದರೆ ಮಾತು ತುಸು ತಡವಾಗಿ ಬಂದು ತುಟಿಗೂ ದನಿಗೂ ತಾಳ ತಪ್ಪುತ್ತದೆ.

ಕತ್ತಲಾದ ಮೇಲೆ ಅಜ್ಜಿಯ ಹಾಡನ್ನು ಹಚ್ಚಿದರು. ಮೊದಲು ಕ್ಯಾಸೆಟ್ಟಿನ ‘ಸ್ಸ್’ ಎಂಬ ಸದ್ದು, ಆಮೇಲೆ ತಂಬೂರಿ, ಆಮೇಲೆ ದನಿ. ನಡುವೆ ಕುಕ್ಕರು ಕೂಗಿತು. ಅಜ್ಜಿ ಹಾಡು ನಿಲ್ಲಿಸಿ ‘ಒಲಿ ಸಣ್ಣದ ಮಾಡ್ರಿ’ ಎಂದು ಯಾರಿಗೋ ಹೇಳಿ ಮತ್ತೆ ಅದೇ ಜಾಗದಿಂದ ಎತ್ತಿಕೊಂಡರು. ಅಜ್ಜ ಎದ್ದು ಅಡುಗೆಮನೆಯ ಕಡೆ ನೋಡಿ ಕುಳಿತರು.

ಚಾಚಾ ಮಾತ್ರ ತೃಪ್ತರಾಗಲಿಲ್ಲ. ಗುಂಯ್ ಇನ್ನೂ ಸ್ವಲ್ಪ ಇತ್ತು. ಹಾಡು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು, ಎಂದರೆ ಅದು ಆಂಪ್ಲಿಫಯರಿನದಲ್ಲ. ಅಂದು ರೆಕಾರ್ಡ್ ಮಾಡಿದ ಟೇಪ್‌ರೆಕಾರ್ಡರಿನಿಂದಲೇ ಹಾಡಿನೊಳಗೆ ಸೇರಿಕೊಂಡದ್ದು. ಮೊಮ್ಮಗ ಲ್ಯಾಪ್‌ಟಾಪ್ ತೆರೆದು, 100 ಹರ್ಟ್ಜನ್ನು ಕತ್ತರಿಸಿ ತೆಗೆಯುವ ಸಾಫ್ಟ್‌ವೇರ್ ಇದೆ ಎಂದ. ತೆಗೆದು ಕೇಳಿಸಿದ. ಗುಂಯ್ ಹೋಗಿತ್ತು. ಅದರೊಂದಿಗೆ ಎರಡೇ ಹರ್ಟ್ಜ್ ದೂರದಲ್ಲಿದ್ದ ತಂಬೂರಿಯ ಖರ್ಜವೂ ಮುಕ್ಕಾಲು ಪಾಲು ಹೋಗಿತ್ತು.

‘ಮೊದಲಿಂದ ಹಚ್ಚು’ ಎಂದರು ಅಜ್ಜ.